ಸಿಹಿ ತಿನ್ನಬೇಕು ಅನ್ನಿಸಿದಾಗ: ಕೊಡಗಿನ ಅಡುಗೆಮನೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಹತ್ತಿರ ನಮ್ಮ ಮನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಆ ದಿನಗಳಲ್ಲಿ ಮನೆಗೆ ಬಂದವರು ಕೊಡೆ ಮಡಚಿ ಒಳಗೆ ಕಾಲಿಟ್ಟ ತಕ್ಷಣ ಮೂಗೆತ್ತಿ ನೋಡುತ್ತಾರೆ, ಒಲೆಯ ಮೇಲೆ ಏನಿದೆ ಅಂತ. ತುಂಬ ವರ್ಷಗಳಿಂದ ಸಿಹಿ ಮಾಡುತ್ತಾ, ಹಂಚುತ್ತಾ, ಬೇರೆಯವರಿಗೆ ಕಲಿಸುತ್ತಾ ಬಂದಿದ್ದೇನೆ. ಜಗಲಿಯಲ್ಲಿ ಕೂತು ಕೇಳಿದ್ದು, ಸಂತೆಯಲ್ಲಿ ಸಿಕ್ಕಾಗ ಕೇಳಿದ್ದು, ಕಾಗದದಲ್ಲಿ ಬರೆದು ಕೇಳಿದ್ದು, ಹೀಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅವರು ಕೇಳಿದ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಅಕ್ಕಾ, ಮಳೆ ಹಿಡಿದರೆ ಸಾಕು, ತುಪ್ಪ ಬೆಲ್ಲ ಹಾಕಿದ್ದು ಏನಾದರೂ ತಿನ್ನಬೇಕು ಅನ್ನಿಸುತ್ತದೆ. ನನಗೊಬ್ಬಳಿಗೇ ಹೀಗಾ?

ಇಲ್ಲ ತಂಗಿ, ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದೇ ಕಥೆ. ಚಳಿಯಲ್ಲಿ ಮೈ ಬಿಸಿಯಾಗಿ ಇಟ್ಟುಕೊಳ್ಳಲು ದೇಹಕ್ಕೆ ಜಾಸ್ತಿ ಶಕ್ತಿ ಬೇಕು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ತುಪ್ಪದಲ್ಲಿ ಸುಮಾರು 9 ಕ್ಯಾಲೊರಿ. ಎರಡೂ ಸೇರಿದ ತಿಂಡಿ ಅಂದರೆ ನಾಲಿಗೆಗೂ ಮಿದುಳಿಗೂ ಬಹಳ ಇಷ್ಟ. ಇದರ ಜೊತೆಗೆ ಮಳೆಗಾಲದಲ್ಲಿ ಹೊರಗೆ ಹೋಗುವುದು ಕಡಿಮೆ, ಮನೆಯೊಳಗೆ ಕೂತಿರುವುದು ಜಾಸ್ತಿ, ಕರೆಂಟೂ ಇರುವುದಿಲ್ಲ. ಬಾಯಿಗೆ ಕೆಲಸ ಬೇಕು ಅನ್ನಿಸುತ್ತದೆ.

ಇನ್ನೊಂದು ಕಾರಣ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನಿದ್ದೆ. ರಾತ್ರಿ ಸರಿಯಾಗಿ ನಿದ್ದೆ ಆಗದಿದ್ದರೆ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ಇಳಿಯುತ್ತದೆ. ಮರುದಿನ ಸಿಹಿಯ ಕಡೆಗೇ ಕೈ ಹೋಗುತ್ತದೆ. ಹಂಚಿನ ಮೇಲೆ ಮಳೆಯ ಸದ್ದಿಗೆ ಎದ್ದು ಕೂತ ರಾತ್ರಿಯ ಮರುದಿನ ನೀವೇ ಗಮನಿಸಿ ನೋಡಿ.

ಹೊಟ್ಟೆ ತುಂಬ ಊಟ ಮಾಡಿದ ಮೇಲೂ ಪಾಯಸಕ್ಕೆ ಜಾಗ ಇರುತ್ತದಲ್ಲ, ಅದು ಹೇಗೆ?

ಒಂದೇ ರುಚಿ ತಿನ್ನುತ್ತಾ ಹೋದರೆ ನಾಲಿಗೆಗೆ ಆ ರುಚಿ ಸಾಕಾಗುತ್ತದೆ. ಖಾರ, ಉಪ್ಪು, ಹುಳಿ ಎಲ್ಲ ಸಾಕಾಗಿರುತ್ತದೆ, ಸಿಹಿ ಮಾತ್ರ ಇನ್ನೂ ಹೊಸದು. ಅದಕ್ಕೇ ಅದೊಂದು ಒಳಗೆ ಇಳಿಯುತ್ತದೆ. ಸಿಹಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ಮೂರು ನಾಲ್ಕು ತುತ್ತಿನಲ್ಲಿ ಸಿಗುವ ಸುಖ ಹತ್ತನೇ ತುತ್ತಿನಲ್ಲಿ ಸಿಗುವುದಿಲ್ಲ. ನನ್ನ ಎಲ್ಲ ಉತ್ತರಗಳೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಆಸೆ ಬಂದಾಗ ತಡೆದುಕೊಳ್ಳಬೇಕಾ, ತಿಂದುಬಿಡಬೇಕಾ?

ಮೊದಲು ಹಸಿವಾ, ಆಸೆಯಾ ನೋಡಿಕೊಳ್ಳಿ. ಒಂದು ಅಕ್ಕಿ ಒಟ್ಟಿಯೋ (ಅಕ್ಕಿ ರೊಟ್ಟಿ) ಒಂದು ತುತ್ತು ಅನ್ನವೋ ಕೊಟ್ಟರೆ ತಿನ್ನುತ್ತೀರಿ ಅಂದರೆ ಅದು ಹಸಿವು, ಊಟ ಮಾಡಿ. ಅದೆಲ್ಲ ಬೇಡ, ಸಿಹಿಯೇ ಬೇಕು ಅಂದರೆ ತಿನ್ನಿ. ಆದರೆ ಒಳ್ಳೆಯದನ್ನೇ ತಿನ್ನಿ, ಬಟ್ಟಲಿಗೆ ಹಾಕಿಕೊಂಡು, ಕೂತು ತಿನ್ನಿ.

ನಾನು ನೋಡಿದ ಹಾಗೆ, ಆಸೆ ಹತ್ತಿಕ್ಕಲು ಹೋದವರು ಮೊದಲು ಎರಡು ಬಿಸ್ಕತ್ತು ತಿನ್ನುತ್ತಾರೆ, ಆಮೇಲೆ ಒಂದು ಹಿಡಿ ದ್ರಾಕ್ಷಿ, ಆಮೇಲೆ ಡಬ್ಬದ ತಳದಲ್ಲಿ ಉಳಿದ ಮಿಕ್ಸ್ಚರ್. ಕೊನೆಗೆ ರಾತ್ರಿ ಹತ್ತಕ್ಕೆ ಲಾಡು ತೆಗೆಯುತ್ತಾರೆ. ಮೊದಲೇ ಆ ಲಾಡು ತಿಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಲ್ವಾ?

ಮನೆಯಲ್ಲಿ ಏನೂ ಇಲ್ಲ, ಈಗಲೇ ಬೇಕು. ಐದು ನಿಮಿಷದಲ್ಲಿ ಏನು ಮಾಡಲಿ?

ಬಾಳೆಹಣ್ಣು ಇದ್ದೇ ಇರುತ್ತದೆ. ಚುಕ್ಕೆ ಬಿದ್ದ ಹಣ್ಣನ್ನು ಉದ್ದಕ್ಕೆ ಸೀಳಿ. ಕಾವಲಿಗೆ ಒಂದು ಚಮಚ ತುಪ್ಪ ಹಾಕಿ, ಸೀಳಿದ ಮುಖ ಕೆಳಗೆ ಮಾಡಿ ಇಡಿ. ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ, ಕೈ ಹಾಕಬೇಡಿ. ಅಂಚು ಕೆಂಪಗಾದಾಗ ಮಗುಚಿ, ಮೇಲೆ ಚಿಟಿಕೆ ಬೆಲ್ಲದ ಪುಡಿ, ಆಗಷ್ಟೇ ಕುಟ್ಟಿದ ಏಲಕ್ಕಿ ಉದುರಿಸಿ. ಬೆಲ್ಲ ಕರಗಿ ತುಪ್ಪದ ಜೊತೆ ಗುಳ್ಳೆ ಏಳುತ್ತದೆ, ಇಳಿಸಿ. ತುರಿದ ಕಾಯಿ ಇದ್ದರೆ ಒಂದು ಚಮಚ ಹಾಕಿ.

ಅದೂ ಬೇಡ ಅಂದರೆ ಬೆಲ್ಲದ ಕಾಪಿ. ಹಾಲಿಲ್ಲದ ಕರಿ ಕಾಪಿಗೆ ಒಂದು ಅಚ್ಚಿನ ಚೂರು. ನಮ್ಮ ಹಳೆಯ ಮನೆಗಳಲ್ಲಿ ಸಂಜೆಯ ಸಿಹಿ ಅಂದರೆ ಇದೇ ಆಗಿತ್ತು.

## ನಮ್ಮ ಕಡೆಯ ಸಿಹಿಗಳು

ಪುತ್ತರಿಗೆ ಮಾಡುವ ತಂಬುಟ್ಟು ನಮಗೂ ಹೇಳಿಕೊಡಿ. ನಾವು ಮಾಡಿದರೆ ಅಂಟು ಅಂಟಾಗುತ್ತದೆ.

ಪುತ್ತರಿ ಅಂದರೆ ಹೊಸ ಅಕ್ಕಿ ಮನೆಗೆ ಬರುವ ಹಬ್ಬ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಕದಿರು (ಭತ್ತದ ತೆನೆ) ತೆಗೆಯುವ ಹೊತ್ತು ನಿಶ್ಚಯ ಆಗುತ್ತದೆ. ಆ ರಾತ್ರಿಯ ಸಿಹಿ ತಂಬುಟ್ಟು. ಒಲೆಯ ಮೇಲೆ ಬೇಯಿಸುವುದೇ ಇಲ್ಲ, ಆದರೂ ಇಷ್ಟು ತೃಪ್ತಿ ಕೊಡುವ ಸಿಹಿ ನನಗೆ ಇನ್ನೊಂದು ಗೊತ್ತಿಲ್ಲ.

ಒಂದು ಲೋಟ ಕುಚ್ಚಲಕ್ಕಿ ತೆಗೆದುಕೊಳ್ಳಿ. ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ದಪ್ಪ ತಳದ ಬಾಣಲೆಯಲ್ಲಿ ಹುರಿಯಿರಿ. ಮೊದಲು ಸುಮ್ಮನಿರುತ್ತದೆ, ಆಮೇಲೆ ಚಟಪಟ ಅನ್ನಲು ಶುರು ಮಾಡುತ್ತದೆ, ಕಾಳು ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಕಾಲು ಚಮಚ ಮೆಂತ್ಯ ಹಾಕಿ, ಅದೂ ಕೆಂಪಗಾಗಲಿ. ಒಂದು ಕಾಳು ಬಾಯಿಗೆ ಹಾಕಿ ಕಡಿಯಿರಿ. ಕುರುಕ್ ಅಂದು ಪುಡಿಯಾದರೆ ಸರಿಯಾಗಿದೆ. ಹಲ್ಲಿಗೆ ಗಟ್ಟಿ ಸಿಕ್ಕಿದರೆ ಇನ್ನೂ ಹುರಿಯಬೇಕು. ಆರಿದ ಮೇಲೆ ನಾಲ್ಕು ಏಲಕ್ಕಿ ಸೇರಿಸಿ ನುಣ್ಣಗೆ ಪುಡಿ ಮಾಡಿ.

ಬಾಳೆಹಣ್ಣು ಸಿಪ್ಪೆ ಕಪ್ಪಾಗುವಷ್ಟು ಹಣ್ಣಾಗಿರಬೇಕು. ಕೈಯಲ್ಲೇ ಹಿಚುಕಿ, ಚಿಟಿಕೆ ಉಪ್ಪು ಹಾಕಿ. ಮಿಕ್ಸಿಗೆ ಹಾಕಬೇಡಿ, ನೀರಾಗುತ್ತದೆ. ಈಗ ಪುಡಿಯನ್ನು ಹಿಡಿ ಹಿಡಿಯಾಗಿ ಸೇರಿಸುತ್ತಾ ಕಲಸಿ. ನಿಮ್ಮದು ಅಂಟಾಗುವುದು ಇಲ್ಲೇ. ಒಮ್ಮೆಗೇ ಗಟ್ಟಿ ಮಾಡಲು ಹೋಗಬೇಡಿ. ಸ್ವಲ್ಪ ಮೆತ್ತಗಿರುವಾಗಲೇ ನಿಲ್ಲಿಸಿ, ಕಾಲು ಗಂಟೆ ಮುಚ್ಚಿಡಿ. ಪುಡಿ ಹಣ್ಣಿನ ರಸ ಕುಡಿದು ತಾನೇ ಗಟ್ಟಿಯಾಗುತ್ತದೆ. ಹುರಿದದ್ದು ಕಡಿಮೆಯಾಗಿದ್ದರೆ ಎಷ್ಟು ಪುಡಿ ಹಾಕಿದರೂ ಅಂಟು ಹೋಗುವುದಿಲ್ಲ.

ಬಡಿಸುವಾಗ ಮುದ್ದೆಯ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿ. ಗುಳಿಗೆ ಬಿಸಿ ತುಪ್ಪ, ಮೇಲೆ ಕಾಯಿತುರಿ, ಹುರಿದ ಎಳ್ಳು. ತುಪ್ಪ ಅಂಚಿನಿಂದ ಇಳಿಯುವ ಮೊದಲು ಬಾಯಿಗೆ ಹೋಗಬೇಕು. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವೇ ಬೇಕಿಲ್ಲ.

ಪುತ್ತರಿ ಗೆಣಸು ಅಂದರೆ ಸಿಹಿ ಗೆಣಸೇ ತಾನೇ?

ಅಲ್ಲ. ಅದು ಬಳ್ಳಿಯಲ್ಲಿ ಬಿಡುವ ದೊಡ್ಡ ಕಾಡುಗೆಣಸಿನ ಜಾತಿ, ಒಳಗೆ ನೇರಳೆ ಬಣ್ಣದ್ದೂ ಇರುತ್ತದೆ. ಬೇಯಿಸಿ, ಬಿಸಿ ಇರುವಾಗಲೇ ಜೇನು ಅಥವಾ ಬೆಲ್ಲದ ಪಾಕ, ತುಪ್ಪ ಹಾಕಿ ತಿನ್ನುತ್ತೇವೆ. ಗೆಣಸಿಗೆ ಅದರದೇ ಸಿಹಿ ಕಡಿಮೆ. ಅದಕ್ಕೇ ಜೇನಿನ ಪರಿಮಳ ಚೆನ್ನಾಗಿ ಗೊತ್ತಾಗುತ್ತದೆ.

ಮದ್ದು ಪಾಯಸಕ್ಕೆ ಆ ನೇರಳೆ ಬಣ್ಣ ಎಲ್ಲಿಂದ? ಬಣ್ಣ ಹಾಕುತ್ತೀರಾ?

ಒಂದು ತೊಟ್ಟೂ ಬಣ್ಣ ಹಾಕುವುದಿಲ್ಲ. ಅದು ಮದ್ದು ಸೊಪ್ಪಿನ ಬಣ್ಣ. ಅರೆಭಾಷೆಯವರು ಆಟಿ ಸೊಪ್ಪು ಅನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಜಸ್ಟೀಷಿಯಾ ವೈನಾಡೆನ್ಸಿಸ್. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಮ್ಮ ಹಿರಿಯರ ನಂಬಿಕೆ. ಆ ದಿನ ಸೊಪ್ಪಿನ ಪರಿಮಳ ಬೇಲಿ ದಾಟಿ ಬರುತ್ತದೆ.

ಸೊಪ್ಪನ್ನು ದಂಟಿನ ಸಮೇತ ತೊಳೆದು ನೀರಲ್ಲಿ ಕುದಿಸಿ ಸೋಸಿ. ಆ ಕಡುನೇರಳೆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಸೇರಿಸಿ. ತಿನ್ನುವಾಗ ಮೇಲೆ ತುಪ್ಪ ಅಥವಾ ಜೇನು. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಆಗಬೇಡಿ. ಹೊರಗಿನಿಂದ ಬಂದವರಿಗೆ ಬಡಿಸುವಾಗ ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಹೇಳುವುದು ಮರೆತು, ಬೆಂಗಳೂರಿನಿಂದ ಬಂದ ನೆಂಟರು ಬೆಳಿಗ್ಗೆ ಹೆದರಿ ಆಸ್ಪತ್ರೆಗೆ ಹೊರಟು ನಿಂತಿದ್ದರು.

ಬೆಲ್ಲದ ಪಾಯಸಕ್ಕೆ ಹಾಲು ಹಾಕಿದ ಕೂಡಲೇ ಒಡೆಯುತ್ತದೆ. ಯಾಕೆ?

ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶ ಇರುತ್ತದೆ. ಕುದಿಯುವ ಹಾಲಿಗೆ ಅದು ಸೇರಿದರೆ ಹಾಲು ಒಡೆಯುತ್ತದೆ. ಬೆಲ್ಲ ಬೇರೆ ಕರಗಿಸಿ, ಸೋಸಿ, ಆರಿಸಿ. ಪಾಯಸ ಇಳಿಸಿದ ಮೇಲೆ, ಉಗುರು ಬೆಚ್ಚಗಾದಾಗ ಸೇರಿಸಿ. ಮತ್ತೆ ಕುದಿಸಬೇಡಿ. ಕಾಯಿಹಾಲಿಗೆ ಈ ತೊಂದರೆ ಕಡಿಮೆ, ಆದರೆ ದಪ್ಪ ಹಾಲನ್ನು ಕೊನೆಗೇ ಹಾಕಬೇಕು.

ತೋಟದಿಂದ ಒಂದು ಇಡೀ ಹಲಸಿನ ಹಣ್ಣು ಬಂದಿದೆ. ತಿಂದು ಮುಗಿಯುವುದಿಲ್ಲ, ಏನು ಮಾಡಲಿ?

ಪುಟ್ಟು ಮಾಡಿ. ಸೊಳೆಯನ್ನು ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ, ಅಕ್ಕಿ ತರಿ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಕಲಸಿ. ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹಬೆಯಲ್ಲಿ ಬೇಯಿಸಿ. ಹಣ್ಣು ಸಪ್ಪೆಯಾಗಿದ್ದರೆ ಮಾತ್ರ ಬೆಲ್ಲ. ಬೆಂದ ಎಲೆ ಬಿಚ್ಚಿದಾಗ ಬರುವ ಪರಿಮಳಕ್ಕೇ ಅರ್ಧ ಆಸೆ ತೀರುತ್ತದೆ. ಮರುದಿನ ತುಂಡು ಮಾಡಿ ತುಪ್ಪದಲ್ಲಿ ಕೆಂಪಗೆ ಕಾಯಿಸಿದರೆ ಮೊದಲ ದಿನಕ್ಕಿಂತ ರುಚಿ.

ಉಳಿದ ಸೊಳೆಗೆ ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಇರುತ್ತದೆ.

## ಅಂಗಡಿಯಿಂದ ತರುವಾಗ

ಮಡಿಕೇರಿ, ಕುಶಾಲನಗರದಲ್ಲಿ ಎಲ್ಲಿ ನೋಡಿದರೂ ಹೋಮ್‌ಮೇಡ್ ಚಾಕೊಲೇಟ್. ಅದು ಇಲ್ಲಿಯ ಕೋಕೋದಿಂದಲೇ ಮಾಡಿದ್ದಾ?

ಹೆಚ್ಚಾಗಿ ಅಲ್ಲ. ಸಾಮಾನ್ಯವಾಗಿ ದೊಡ್ಡ ಗಟ್ಟಿಗಳಲ್ಲಿ ಬರುವ ಕಾಂಪೌಂಡ್ ತಂದು, ಕರಗಿಸಿ, ಗೋಡಂಬಿ, ದ್ರಾಕ್ಷಿ, ಕಾಪಿ ಬೀಜ ಸೇರಿಸಿ ಅಚ್ಚಿಗೆ ಹಾಕುತ್ತಾರೆ. ಕೈಕೆಲಸ ಮನೆಯದೇ, ಚಾಕೊಲೇಟ್ ಮಾತ್ರ ಹೊರಗಿನದು. ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಕಾಂಪೌಂಡ್ ಅಂದರೆ ಏನು ಅಂತ ಗೊತ್ತಿರಬೇಕು. ಕೋಕೋ ಬೀಜದಲ್ಲಿ ಅದರದೇ ಜಿಡ್ಡು ಇರುತ್ತದೆ, ಅದೇ ಕೋಕೋ ಬಟರ್. ಕಾಂಪೌಂಡ್‌ನಲ್ಲಿ ಅದರ ಬದಲು ಅಗ್ಗದ ವನಸ್ಪತಿ ಜಿಡ್ಡು ಹಾಕಿರುತ್ತಾರೆ.

ವ್ಯತ್ಯಾಸ ಬಾಯಲ್ಲಿ ಗೊತ್ತಾಗುತ್ತದೆ. ಕೋಕೋ ಬಟರ್ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೇ ನಾಲಿಗೆಯ ಮೇಲೆ ಇಟ್ಟ ಕೂಡಲೇ ಪೂರ್ತಿ ಕರಗಿ ಹೋಗುತ್ತದೆ. ಕಾಂಪೌಂಡ್ ತಿಂದಾಗ ಅಂಗುಳಕ್ಕೆ ಮೇಣ ಹಚ್ಚಿದ ಹಾಗೆ ಒಂದು ಪದರ ಉಳಿಯುತ್ತದೆ. ಎರಡನ್ನೂ ಒಂದೊಂದು ಚೂರು ತಂದು, ಕಣ್ಣು ಮುಚ್ಚಿ ತಿಂದು ನೋಡಿ. ಪೊಟ್ಟಣದ ಹಿಂದೆ ಕೋಕೋ ಬಟರ್ ಅಂತ ಇದೆಯಾ, ವೆಜಿಟೆಬಲ್ ಫ್ಯಾಟ್ ಅಂತ ಇದೆಯಾ ಓದಿ. ಬಿಡಿಯಾಗಿ ತೂಕಕ್ಕೆ ಮಾರುವ ಕಡೆ ಕೇಳಿ. ಹೇಳುವವರು ಹೇಳುತ್ತಾರೆ.

ನಮ್ಮ ನೆರೆಯಲ್ಲೇ ಕೋಕೋ ಬೆಳೆಯುತ್ತದೆ ಅನ್ನುವುದು ನಿಜ. ಸಂಪಾಜೆ ಘಾಟಿ ಇಳಿದು ಸುಳ್ಯ ದಾಟಿದರೆ ಪುತ್ತೂರು. ಅಲ್ಲಿ 1973ರಲ್ಲಿ ಶುರುವಾದ ಕ್ಯಾಂಪ್ಕೋ ಸಹಕಾರಿಯ ಚಾಕೊಲೇಟ್ ಕಾರ್ಖಾನೆ ಇದೆ, ಅದು 1986ರಿಂದ ನಡೆಯುತ್ತಿದೆ. ಅಡಿಕೆ ತೋಟದ ನಡುವೆ ಬೆಳೆದ ಕೋಕೋ ಅಲ್ಲಿಗೆ ಹೋಗುತ್ತದೆ. ರೈತರದೇ ಸಂಸ್ಥೆ ಆದ್ದರಿಂದ ನನಗೆ ಅದರ ಮೇಲೆ ಅಭಿಮಾನ.

ದಾರಿ ಬದಿಯಲ್ಲಿ ತಗೊಂಡ ಜೇನು ತಳದಲ್ಲಿ ಸಕ್ಕರೆ ಹಾಗೆ ಗಟ್ಟಿಯಾಗಿದೆ. ಮೋಸ ಹೋದೆನಾ?

ಗಟ್ಟಿಯಾದ ಮಾತ್ರಕ್ಕೆ ಮೋಸ ಅಲ್ಲ. ಶುದ್ಧ ಜೇನೂ ಚಳಿಗೆ ಹರಳುಗಟ್ಟುತ್ತದೆ, ಮಡಿಕೇರಿಯ ಚಳಿಯಲ್ಲಿ ಇನ್ನೂ ಬೇಗ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ನೀರಿಗೆ ಹನಿ ಹಾಕಿ ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇದರಿಂದ ಏನೂ ಗೊತ್ತಾಗುವುದಿಲ್ಲ. ಪಾಕ ಬೆರೆಸಿದ್ದೂ ಆ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ನಾನೂ ಒಮ್ಮೆ ಹಾಗೆ ನಂಬಿ ಎರಡು ಬಾಟಲಿ ತಂದಿದ್ದೆ. ಒಂದೇ ವಾರಕ್ಕೆ ಬರೀ ಸಕ್ಕರೆ ಪಾಕದ ವಾಸನೆ ಬಂತು. ಗುರುತಿನ ಜೇನು ಸಾಕುವವರಿಂದ ಅಥವಾ ಸಹಕಾರ ಸಂಘಗಳಿಂದ ತರುವುದೇ ದಾರಿ.

ಕೊಡಗಿನ ಜೇನಿಗೆ ಒಂದೇ ಬಣ್ಣ, ಒಂದೇ ರುಚಿ ಇಲ್ಲ. ಹೂಮಳೆ ಬಿದ್ದು ಕಾಪಿ ಅರಳಿದ ಮೇಲಿನ ಜೇನು ಬೇರೆ, ಕಾಡುಮರಗಳ ಜೇನು ಬೇರೆ. ಇಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ರಾಶಿ ರಾಶಿ ಸತ್ತವು. ನಮ್ಮ ಸುತ್ತಲಿನ ಮನೆಗಳಲ್ಲೂ ಪೆಟ್ಟಿಗೆಗಳು ಖಾಲಿ ಬಿದ್ದಿದ್ದವು. ಅದರಿಂದ ಎದ್ದು ಬಂದ ಜೇನು ಇದು, ಬೆಲೆ ಸ್ವಲ್ಪ ಜಾಸ್ತಿ ಆದರೂ ಕೊಡಿ.

ಬೇಕರಿಯ ಸಿಹಿ ತುಪ್ಪದ್ದಾ ಡಾಲ್ಡಾದ್ದಾ, ಹೇಗೆ ತಿಳಿಯುವುದು?

ಚೂರು ಬೆರಳಲ್ಲಿ ಉಜ್ಜಿ ವಾಸನೆ ನೋಡಿ. ತುಪ್ಪದ ಪರಿಮಳ ಬೆಚ್ಚಗಾದಾಗ ಎದ್ದು ಬರುತ್ತದೆ, ಡಾಲ್ಡಾಕ್ಕೆ ಪರಿಮಳವೇ ಇಲ್ಲ. 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಫ್ಯಾಟ್ 2%ಗಿಂತ ಜಾಸ್ತಿ ಇರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಇದೆ, ಮೊದಲಿಗಿಂತ ಪರವಾಗಿಲ್ಲ. ಆದರೂ ಆಸೆ ತೀರಬೇಕು ಅಂದರೆ ತುಪ್ಪದ್ದೇ ಒಂದು ತುಂಡು ಸಾಕು.

## ಮೈಗೆ ಎಷ್ಟು, ಹೇಗೆ

ಸಕ್ಕರೆ ಬಿಟ್ಟು ಬೆಲ್ಲ, ಜೇನು ಹಾಕಿದರೆ ಎಷ್ಟು ಬೇಕಾದರೂ ತಿನ್ನಬಹುದು ಅಲ್ವಾ?

ಇಲ್ಲ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇದೆ ನಿಜ, ಆದರೆ ಹೆಚ್ಚಿನ ಪಾಲು ಸಕ್ಕರೆಯೇ. ಜೇನೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ನಾನು ಬೆಲ್ಲ ಹಾಕುವುದು ರುಚಿಗಾಗಿ. ಬೆಲ್ಲಕ್ಕೆ ಒಂದು ಹೊಗೆ, ಒಂದು ಉಪ್ಪು, ಒಂದು ಆಳ ಇದೆ. ಅದರಿಂದ ಕಡಿಮೆ ತಿಂದರೂ ತಿಂದ ಹಾಗಾಗುತ್ತದೆ.

ಹಾಗಾದರೆ ದಿನಕ್ಕೆ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕ: ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಶಕ್ತಿಯ 10%ಗಿಂತ ಕಡಿಮೆ ಇರಲಿ, 5%ಗಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ 5% ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಹಾಕಿ ಕಾಪಿ ಕುಡಿದರೆ ಎಂಟು ಚಮಚ ಅಲ್ಲೇ ಹೋಯಿತು. ನಾನು ಕಾಪಿಯ ಸಕ್ಕರೆ ಬಿಟ್ಟೆ, ತಂಬುಟ್ಟು ಉಳಿಸಿಕೊಂಡೆ. ಇಡಿಯಾಗಿ ತಿನ್ನುವ ಹಣ್ಣು ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೊಡಗಿನ ಕಿತ್ತಳೆ ಸಿಕ್ಕರೆ ಬಿಡಬೇಡಿ.

ನಮ್ಮ ಮಾವನಿಗೆ ಶುಗರ್ ಇದೆ. ಹಬ್ಬದ ದಿನ ಎಲ್ಲರೂ ತಿನ್ನುವಾಗ ಅವರ ಮುಖ ನೋಡಲು ಆಗುವುದಿಲ್ಲ.

ಅವರ ಡಾಕ್ಟರನ್ನು ಹಬ್ಬಕ್ಕೆ ಮೊದಲೇ ಕೇಳಿ, ಎಷ್ಟು ಕೊಡಬಹುದು ಅಂತ. ಕೊಡಬಹುದು ಅಂದರೆ ಖಾಲಿ ಹೊಟ್ಟೆಗೆ ಬೇಡ, ಊಟದ ಕೊನೆಗೆ ಕೊಡಿ. ಆ ದಿನ ಅನ್ನ, ಪುಟ್ಟು ಸ್ವಲ್ಪ ಕಡಿಮೆ ಮಾಡಿ ಜಾಗ ಮಾಡಿಕೊಳ್ಳಿ. ಅವರಿಗೆ ಅಂತ ಬೇರೆ ಸಪ್ಪೆ ಪಾಯಸ ಮಾಡಿ ಮುಂದೆ ಇಡಬೇಡಿ, ಅದು ನೋವು ಮಾಡುತ್ತದೆ. ಎಲ್ಲರ ಪಾಯಸವನ್ನೇ ಸಣ್ಣ ಬಟ್ಟಲಲ್ಲಿ, ಎಲ್ಲರ ಜೊತೆ ಕೂರಿಸಿ ಕೊಡಿ. ನಮ್ಮ ಮನೆಯಲ್ಲಿ ಹಿರಿಯರೊಬ್ಬರಿಗೆ ಕಾಪಿ ಲೋಟದ ಬಸಿಯಲ್ಲಿ ಎರಡು ಚಮಚ ಮದ್ದು ಪಾಯಸ ಕೊಡುತ್ತಿದ್ದೆವು. ಅವರು ಅದನ್ನು ಬೆರಳಲ್ಲಿ ನೆಕ್ಕಿ ನೆಕ್ಕಿ ಅರ್ಧ ಗಂಟೆ ತಿನ್ನುತ್ತಿದ್ದರು. ಬಸಿ ತೊಳೆಯುವ ಕೆಲಸವೇ ಇರುತ್ತಿರಲಿಲ್ಲ.

ಶುಗರ್ ಇಳಿದು ಕೈ ನಡುಗುವಾಗ ಚಾಕೊಲೇಟ್ ಕೊಡಬಹುದಾ?

ಅದು ತಪ್ಪು ಆಯ್ಕೆ. ಚಾಕೊಲೇಟಿನ ಜಿಡ್ಡು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಆಗ ಬೇಕಾದ್ದು ಬೇಗ ರಕ್ತಕ್ಕೆ ಸೇರುವ 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕೊಡಿ, ಅಥವಾ ಗ್ಲೂಕೋಸ್ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಪಾಪುವಿಗೆ ಜೇನು ನೆಕ್ಕಿಸಬಹುದಾ? ನಾಯಿಗೆ ಒಂದು ಚೂರು ಚಾಕೊಲೇಟ್?

ಎರಡಕ್ಕೂ ಬೇಡ. ಒಂದು ವರ್ಷ ತುಂಬುವ ಮೊದಲು ಮಗುವಿಗೆ ಜೇನು ಕೊಡಬಾರದು, ಎಷ್ಟೇ ಶುದ್ಧವಾಗಿದ್ದರೂ. ಅದರಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳನ್ನು ತಡೆಯುವ ಶಕ್ತಿ ಪುಟ್ಟ ಕರುಳಿಗೆ ಇರುವುದಿಲ್ಲ. ನಾಯಿಗೆ ಚಾಕೊಲೇಟಿನ ಥಿಯೋಬ್ರೊಮಿನ್ ವಿಷ, ಕಪ್ಪು ಚಾಕೊಲೇಟ್ ಅಂತೂ ಇನ್ನೂ ಜಾಸ್ತಿ. ತೋಟದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಇಲ್ಲ, ಡಬ್ಬ ಎತ್ತರದಲ್ಲಿಡಿ.

## ಕೈ ಪಳಗಿದವರ ಪ್ರಶ್ನೆಗಳು

ಕಜ್ಜಾಯ ಎಣ್ಣೆಗೆ ಹಾಕಿದ ಕೂಡಲೇ ಚೂರು ಚೂರಾಗುತ್ತದೆ. ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ, ಇದೊಂದು ಬರುವುದಿಲ್ಲ.

ನನಗೂ ಮೂರು ಹಬ್ಬ ಹೀಗೇ ಆಯಿತು. ಮೂರನೇ ಸಲ ಬಾಣಲೆ ತುಂಬ ಮರಳಿನ ಹಾಗೆ ಪುಡಿ ತೇಲುತ್ತಿತ್ತು. ನಮ್ಮತ್ತೆ ಬಂದು ಏನೂ ಅನ್ನಲಿಲ್ಲ. ಒಂದು ಬಟ್ಟಲು ತಣ್ಣೀರು ತಂದು ಪಕ್ಕದಲ್ಲಿಟ್ಟರು. ಮುಂದಿನ ಸಲ ಪಾಕ ಮಾಡುವಾಗ ಗಡಿಯಾರ ನೋಡಬೇಡ, ಈ ನೀರನ್ನು ನೋಡು ಅಂದರು. ಅಂದಿನಿಂದ ಸರಿಹೋಯಿತು.

ಪಾಕದ ಒಂದು ಹನಿಯನ್ನು ಆ ನೀರಿಗೆ ಬಿಡಿ. ಹರಡಿ ಕರಗಿದರೆ ಎಳೆಯ ಪಾಕ, ಕಜ್ಜಾಯ ಒಡೆಯುವುದು ಅದರಿಂದಲೇ. ಬೆರಳಲ್ಲಿ ಒಟ್ಟು ಮಾಡಿದಾಗ ಮೆತ್ತಗಿನ ಉಂಡೆ ನಿಂತರೆ ತಕ್ಷಣ ಇಳಿಸಿ. ಉಂಡೆ ಬಟ್ಟಲಿಗೆ ತಾಗಿ ಟಣ್ ಅಂದರೆ ಹೊತ್ತು ಮೀರಿತು, ಕಜ್ಜಾಯ ಕಲ್ಲಾಗುತ್ತದೆ. ಈ ಎರಡರ ನಡುವೆ ಸಿಗುವ ಸಮಯ ಒಂದು ನಿಮಿಷವೂ ಇಲ್ಲ, ಹಾಗಾಗಿ ಹಿಟ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಪಾಕಕ್ಕೆ ಕೂರಬೇಕು.

ಹಿಟ್ಟೂ ಮುಖ್ಯ. ಅಂಗಡಿಯ ಒಣ ಅಕ್ಕಿ ಹಿಟ್ಟಿನಿಂದ ಆಗುವುದಿಲ್ಲ. ಅಕ್ಕಿಯನ್ನು ಒಂದು ದಿನ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ. ಮುಟ್ಟಿದರೆ ಕೈಗೆ ತಂಪು ತಾಗಬೇಕು, ನೀರು ಅಂಟಬಾರದು. ಆ ಹಂತದಲ್ಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಪುಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಒಂದು ಕೆ.ಜಿ. ಅಕ್ಕಿಗೆ ನಾನು ಮುಕ್ಕಾಲು ಕೆ.ಜಿ. ಬೆಲ್ಲ ಹಾಕುತ್ತೇನೆ. ಕಲಸಿದ ಹಿಟ್ಟು ಒಂದು ರಾತ್ರಿಯಾದರೂ ಕೂರಲಿ, ಎರಡು ದಿನ ಕೂತರೆ ಇನ್ನೂ ಚೆನ್ನ. ಕರಿಯುವಾಗ ಉರಿ ಸಣ್ಣದಿರಲಿ, ಎತ್ತಿದ ಮೇಲೆ ಎರಡು ಸಟ್ಟುಗದ ನಡುವೆ ಒತ್ತಿ ಎಣ್ಣೆ ಇಳಿಸಿ.

ಹಿಟ್ಟು ಈಗಾಗಲೇ ಎಳೆ ಪಾಕದಲ್ಲಿ ಕಲಸಿ ಆಗಿದ್ದರೆ ಚೆಲ್ಲಬೇಡಿ. ಇನ್ನಷ್ಟು ಒದ್ದೆ ಅಕ್ಕಿ ಹಿಟ್ಟು ಸೇರಿಸಿ ಒಂದು ದಿನ ಬಿಟ್ಟು, ಒಂದು ಸಣ್ಣದನ್ನು ಮೊದಲು ಬಿಟ್ಟು ನೋಡಿ.

ಮಳೆಗಾಲದಲ್ಲಿ ಚಾಕೊಲೇಟ್ ಕರಗಿಸಿದರೆ ಗಂಟು ಗಂಟಾಗಿ ಗಟ್ಟಿಯಾಗುತ್ತದೆ.

ನೀರು ತಾಗಿದೆ. ಕರಗಿದ ಚಾಕೊಲೇಟಿಗೆ ಒಂದೆರಡು ಹನಿ ನೀರು, ಅಷ್ಟೇ ಯಾಕೆ ಕೆಳಗಿನ ಪಾತ್ರೆಯ ಹಬೆ ಬಿದ್ದರೂ ಸಾಕು, ಒಳಗಿನ ಸಕ್ಕರೆ ಪುಡಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮೇಲಿನ ಬಟ್ಟಲು ಕೆಳಗಿನ ಪಾತ್ರೆಗಿಂತ ಅಗಲ ಇರಲಿ, ಹಬೆ ಮೇಲೆ ಬರದ ಹಾಗೆ. ನೀರು ಕುದಿಯುವುದು ಬೇಡ, ಉರಿ ಆರಿಸಿದ ಬಿಸಿನೀರೇ ಸಾಕು. ಚಮಚ, ಅಚ್ಚು ಎಲ್ಲ ಒಲೆಯ ಹತ್ತಿರ ಇಟ್ಟು ಒಣಗಿಸಿ. ಮುದ್ದೆಯಾದದ್ದು ಅಚ್ಚಿಗೆ ಬರುವುದಿಲ್ಲ. ಬಿಸಿ ಹಾಲಿನ ಕೆನೆ ಸೇರಿಸಿ ಕಲಕಿ, ನುಣುಪಾಗುತ್ತದೆ, ದೋಸೆಯ ಮೇಲೆ ಹಾಕಿಕೊಂಡು ತಿನ್ನಿ.

ಕೋಕೋ ಬಟರ್ ಇರುವ ಚಾಕೊಲೇಟ್ ತಂದೆ, ಅಚ್ಚಿನಿಂದ ತೆಗೆದ ಮೇಲೆ ಬಿಳಿ ಮಚ್ಚೆ ಬಂತು, ಹೊಳಪಿಲ್ಲ. ಕಾಂಪೌಂಡ್‌ಗೆ ಹೀಗಾಗುತ್ತಿರಲಿಲ್ಲ.

ಕೋಕೋ ಬಟರ್ ಹಲವು ರೀತಿಯಲ್ಲಿ ಹರಳುಗಟ್ಟುತ್ತದೆ. ಅದರಲ್ಲಿ ಒಂದೇ ರೀತಿಗೆ ಹೊಳಪು, ಟಕ್ ಅಂತ ಮುರಿಯುವ ಗುಣ ಇರುತ್ತದೆ. ಅದನ್ನು ತರಿಸುವುದಕ್ಕೆ ಟೆಂಪರಿಂಗ್ ಅನ್ನುತ್ತಾರೆ. ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, ಕಲಕುತ್ತಾ 27-28 ಡಿಗ್ರಿಗೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಅಚ್ಚಿಗೆ ಹಾಕಿ. ಹಾಲಿನ ಚಾಕೊಲೇಟಿಗೆ ಕೊನೆಯದು 29-30. ಥರ್ಮಾಮೀಟರ್ ಇಲ್ಲದೆ ಇದು ಕಷ್ಟ, ಒಂದು ತಗೊಳ್ಳಿ. ನಮ್ಮ ಊರಿನ ತಂಪು ಇದಕ್ಕೆ ದೊಡ್ಡ ವರ. ಬಯಲುಸೀಮೆಯವರು ಏಸಿ ಹಾಕಿ ಮಾಡುವುದನ್ನು ನಾವು ಕಿಟಕಿ ತೆಗೆದು ಮಾಡಬಹುದು.

ಫ್ರಿಜ್ಜಿನಿಂದ ತೆಗೆದ ತಕ್ಷಣ ಡಬ್ಬ ಬಿಚ್ಚಿದರೆ ಬರುವ ಬಿಳಿ ಬೇರೆ. ತೇವ ಕೂತು ಸಕ್ಕರೆ ಮೇಲೆ ಬಂದದ್ದು ಅದು, ಮುಟ್ಟಿದರೆ ತರಿತರಿ. ಡಬ್ಬ ಹೊರಗಿನ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ. ಎರಡೂ ಬಗೆಯ ಮಚ್ಚೆ ತಿನ್ನಲು ತೊಂದರೆ ಇಲ್ಲ.

ಸಿಹಿ ಕಡಿಮೆ ಹಾಕಬೇಕು, ಆದರೆ ತಿಂದವರಿಗೆ ಕಡಿಮೆ ಅನ್ನಿಸಬಾರದು. ಆಗುತ್ತದಾ?

ಆಗುತ್ತದೆ, ನಾನು ಕಾಲು ಭಾಗ ಬೆಲ್ಲ ಇಳಿಸಿ ವರ್ಷಗಳಾದವು, ಮನೆಯಲ್ಲಿ ಯಾರೂ ಕೇಳಿಲ್ಲ. ಮೊದಲು ಉಪ್ಪು: ಒಂದು ಪಾತ್ರೆ ಪಾಯಸಕ್ಕೆ ಒಂದು ಚಿಟಿಕೆ, ಸಿಹಿ ಎದ್ದು ಕಾಣುತ್ತದೆ. ಎರಡನೆಯದು ಹುರಿಯುವುದು. ಅಕ್ಕಿ, ಎಳ್ಳು, ಕಾಯಿ, ಗೋಡಂಬಿ ಯಾವುದೇ ಇರಲಿ, ಇನ್ನೊಂದು ನಿಮಿಷ ಜಾಸ್ತಿ ಹುರಿದರೆ ಪರಿಮಳವೇ ಅರ್ಧ ಸಿಹಿಯ ಕೆಲಸ ಮಾಡುತ್ತದೆ. ಏಲಕ್ಕಿಯನ್ನು ಪುಡಿ ಮಾಡಿ ಡಬ್ಬದಲ್ಲಿ ಇಡಬೇಡಿ. ಹಸಿರು ಕಾಯಿ ಬಿಡಿಸಿ, ಕಪ್ಪು ಬೀಜವನ್ನು ಇಳಿಸುವ ಹೊತ್ತಿಗೆ ಕುಟ್ಟಿ ಹಾಕಿ.

ಕೊನೆಯದು ಬಿಸಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಐಸ್‌ಕ್ರೀಂ ಕರಗಿದ ಮೇಲೆ ಕುಡಿದು ನೋಡಿದರೆ ಎಷ್ಟು ಸಕ್ಕರೆ ಇತ್ತು ಅಂತ ತಿಳಿಯುತ್ತದೆ. ಹಾಗಾಗಿ ಕಡಿಮೆ ಬೆಲ್ಲದ ಪಾಯಸವನ್ನು ಬೆಚ್ಚಗೆ, ಚಿಕ್ಕ ಬಟ್ಟಲಲ್ಲಿ, ತುಪ್ಪವನ್ನು ಕಲಸದೆ ಮೇಲೆ ತೇಲುವ ಹಾಗೆ ಕೊಡಿ. ಮೊದಲ ಚಮಚದಲ್ಲೇ ತುಪ್ಪದ ಪರಿಮಳ ಮೂಗಿಗೆ ಹೋಗಬೇಕು.